ಜೇಬಿನಲ್ಲಿ ತಂಗಡಿ ಹೂವು

ನನ್ನ ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ನಾನು ಮೊದಲು ಹೇಳಿದ್ದು ಹೆಬ್ಬಾಳದ ಆಸ್ಪತ್ರೆಯ ಲಿಫ್ಟಿನಲ್ಲಿ ನಿಂತಿದ್ದ ಒಬ್ಬರಿಗೆ. ಅವರು ಯಾರೋ ನಾನು ಯಾರೋ. ಅವರ ಬಲಗೈಗೆ ಹಿಟ್ಟಿನ ಕಟ್ಟು ಹಾಕಿತ್ತು, ಪಾಪ ನೋವಿನಲ್ಲಿದ್ದರು. "ಹೆಣ್ಣು ಮಗು ಸಾರ್, ನಮ್ಮ ಮಗಳಿಗೆ" ಎಂದೆ. ಅವರು ಎಡಗೈಯನ್ನೇ ಎತ್ತಿ "ಒಳ್ಳೇದಾಗ್ಲಿ ಯಜಮಾನ್ರೇ" ಎಂದರು. ಅಷ್ಟರಲ್ಲಿ ನಾನು ಇಳಿಯಬೇಕಾದ ಮಹಡಿ ದಾಟಿ ಹೋಗಿತ್ತು. ಮೇಲಕ್ಕೆ ಹೋಗಿ, ಕೆಳಕ್ಕೆ ಬಂದು, ಮತ್ತೆ ಮೇಲಕ್ಕೆ ಹೋಗಿ, ಹತ್ತಿದವರಿಗೆಲ್ಲ ಹೇಳಿದೆ. ಆಮೇಲೆ ಗೇಟಿನ ಸೆಕ್ಯುರಿಟಿಯವರಿಗೆ. ಆಮೇಲೆ ಎಳನೀರಿನವನಿಗೆ. ಫ್ಲೈಓವರ್ ಮೇಲೆ ಏರ್‌ಪೋರ್ಟ್ ಕಡೆ ಓಡುವ ಗಾಡಿಗಳನ್ನೆಲ್ಲ ಒಂದೊಂದಾಗಿ ನಿಲ್ಲಿಸಿ ಹೇಳಬೇಕು ಅನ್ನಿಸುತ್ತಿತ್ತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಇಲ್ಲಿ ಒತ್ತು ದೀರ್ಘ ತಪ್ಪಿದ್ದರೆ ಅದು ಸಂತೋಷದ ತಪ್ಪು ಎಂದುಕೊಳ್ಳಿ. ಮಗಳಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಯಾವ ಮದುವೆ ಮನೆಗೆ ಹೋದರೂ ಊಟದ ಸಾಲಿನಲ್ಲಿ ಯಾರಾದರೂ ಒಬ್ಬರು "ಮಗಳಿಗೆ ಏನಾದ್ರೂ ವಿಶೇಷ ಇದ್ಯಾ?" ಎಂದು ಕೇಳೋರು, ನಾನು ಪಾಯಸ ಬಡಿಸುವವನನ್ನು ಕರೆಯೋನು. ಅಂಥ ಮನೆಗೆ ಒಂದು ಕೂಸು ಬಂತು ಎಂದರೆ ಸುಮ್ಮನೆ ಕೂರಲು ಆಗುತ್ತದೆಯೇ ಹೇಳಿ.

ಕೂತಿದ್ದರೂ ಆಗುತ್ತಿರಲಿಲ್ಲ, ಏಕೆಂದರೆ ನನಗೆ ಒಂದು ಕೆಲಸ ಇತ್ತು.

ನಮ್ಮ ಮನೆತನದಲ್ಲಿ ಹೆಣ್ಣು ಮಗು ಮೊದಲ ಸಲ ಹೊಸ್ತಿಲು ದಾಟುವಾಗ ಅದರ ಅಂಗೈಗೆ ತಂಗಡಿ ಹೂವು ಮುಟ್ಟಿಸಬೇಕು. ಇದನ್ನು 'ಮೊದಲ ಬಂಗಾರ' ಎನ್ನುತ್ತೇವೆ. ಹಿಂದಿನವರ ಕೈಯಲ್ಲಿ ಬಂಗಾರ ಇರಲಿಲ್ಲ, ಊರ ಹಿಂದಿನ ಬಂಡೆಯ ಮೇಲೆ ತಂಗಡಿ ಇತ್ತು, ಅದನ್ನೇ ತಂದು ಮುಟ್ಟಿಸಿದರು. ಆಮೇಲೆ ಬಂಗಾರ ಬಂತು, ಆದರೂ ತಂಗಡಿ ಮೊದಲು, ಅಕ್ಕಸಾಲಿಯ ಬಂಗಾರ ಆಮೇಲೆ. ಮುಟ್ಟಿಸುವವನು ತಾತ. ಬಾಣಂತನದ ಮನೆಯಲ್ಲಿ ಎಣ್ಣೆ, ನೀರು, ಖಾರ, ಧೂಪ ಎಲ್ಲವೂ ಹೆಂಗಸರದು. ಗಂಡಸು ಒಳಗೆ ಇಣುಕಿದರೂ ಬೈಸಿಕೊಳ್ಳಬೇಕು. ಇದೊಂದು ಮಾತ್ರ ನಮ್ಮದು. ನನ್ನ ಮಗಳಿಗೆ ನಮ್ಮಪ್ಪ ಮುಟ್ಟಿಸಿದ್ದರು. ಬೆಳಗ್ಗೆ ಎದ್ದು ಬರಿಗಾಲಲ್ಲಿ ಬಂಡೆ ಹತ್ತಿ, ಒಂದು ಗೊಂಚಲು ಮುರಿದು, ಪಂಚೆಯ ಅಂಚಿನಲ್ಲಿ ಸುತ್ತಿಕೊಂಡು ಬಂದರು.

ಆ ಬಂಡೆಯನ್ನು ನೋಡದವರಿಗೆ ಹೇಗೆ ಹೇಳಲಿ. ಅಲ್ಲಾಳಸಂದ್ರದ ಕೆರೆಯಿಂದ ಈಚೆಗೆ ನಮ್ಮ ಹೊಲ, ಹೊಲದ ತಲೆಯ ಕಡೆ ಗರಸು ಮಣ್ಣು, ಅದರಾಚೆ ಆನೆ ಮಲಗಿದ ಹಾಗೆ ಬಂಡೆ. ಅಲ್ಲಿ ರಾಗಿ ಬೆಳೆಯುತ್ತಿರಲಿಲ್ಲ, ಹುರುಳಿ ಕೂಡ ಅರೆಬರೆ. ತಂಗಡಿ ಮಾತ್ರ ಯಾರನ್ನೂ ಕೇಳದೆ ಬೆಳೆಯುತ್ತಿತ್ತು. ಎದೆಯೆತ್ತರದ ಗಿಡ, ಹುಣಸೆ ಎಲೆಯನ್ನು ಸ್ವಲ್ಪ ದೊಡ್ಡದು ಮಾಡಿದಂಥ ಎಲೆ, ಕೊಂಬೆಯ ತುದಿಗೆಲ್ಲ ಹಳದಿ ಹೂವು. ದಸರಾ ಕಳೆದ ಮೇಲೆ ಸಂಕ್ರಾಂತಿವರೆಗೆ ಆ ಬಂಡೆಯ ಸುತ್ತ ಅರಿಶಿನ ಕಲಸಿ ಎರಚಿದ ಹಾಗೆ ಕಾಣುತ್ತಿತ್ತು. ಬೆಳಗ್ಗೆ ಅದರ ಕಡ್ಡಿಯಲ್ಲೇ ಹಲ್ಲು ಉಜ್ಜುತ್ತಿದ್ದೆವು. ಸಂಕ್ರಾಂತಿಗೆ ದನಗಳ ಕೊಂಬಿಗೆ ಅದನ್ನೇ ಕಟ್ಟುತ್ತಿದ್ದೆವು. ಒಂದು ದಿನವೂ ಯಾರೂ ಒಂದು ಚೊಂಬು ನೀರು ಹಾಕಿದ್ದಿಲ್ಲ.

ಈಗ ಆ ಬಂಡೆ ಇದ್ದ ಕಡೆ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆ ಇದೆ, ಅಲ್ಲಿ ಕಾರು ನಿಲ್ಲಿಸುತ್ತಾರೆ. ಬಂಡೆ ಸಿಡಿಸಿ ಜಲ್ಲಿ ಮಾಡಿ, ಅದೇ ಜಲ್ಲಿಯಲ್ಲಿ ಮೇಲಕ್ಕೆ ಮನೆ ಕಟ್ಟಿದರು. ನಮ್ಮ ಹೊಲವೂ ಲೇಔಟ್ ಆಯಿತು. ನಾವು ಉಪವಾಸ ಏನೂ ಬೀಳಲಿಲ್ಲ, ನಮಗೂ ಒಂದು ಮನೆ ಆಯಿತು, ಮೇಲಿನ ಮಹಡಿಗೆ ಬಾಡಿಗೆಯವರು ಬಂದರು. ನಾನು ಎಮ್ಮೆ ಕಟ್ಟಿ, ಸೈಕಲ್ ಮೇಲೆ ಕ್ಯಾನ್ ಹೇರಿಕೊಂಡು ಆರ್.ಟಿ. ನಗರದವರೆಗೂ ಮನೆಮನೆಗೆ ಹಾಲು ಹಾಕಿದೆ. ಮಂಡಿ ಹೋದ ಮೇಲೆ ಎಮ್ಮೆಯೂ ಹೋಯಿತು. ತಂಗಡಿ ಬೇಕಾಗುತ್ತದೆ ಎಂಬುದು ಅಷ್ಟು ವರ್ಷ ನೆನಪಿಗೇ ಬರಲಿಲ್ಲ, ಬಂದದ್ದು ಮಗಳು ಬಸುರಿ ಎಂದ ಮೇಲೇ.

ಮಗು ಹುಟ್ಟಿದ ಮಾರನೆಯ ದಿನ ಅದರ ಮುಖ ಹಳದಿಯಾಗಿತ್ತು.

ಮೊದಲು ಕಂಡದ್ದು ನನ್ನ ಹೆಂಡತಿಗೆ. ಅವಳು ಮಗುವಿನ ಮೂಗಿನ ತುದಿಯನ್ನು ಬೆರಳಿಂದ ಒತ್ತಿ, ಬಿಟ್ಟು, ನೋಡಿ, ಸಿಸ್ಟರನ್ನು ಕರೆದಳು. ಸಂಜೆಗೆ ಕೂಸನ್ನು ತಾಯಿಯ ಮಗ್ಗುಲಿನಿಂದ ಎತ್ತಿಕೊಂಡು ಹೋಗಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಮೇಲೆ ನೀಲಿ ಲೈಟು. ಮೈಮೇಲೆ ಬಟ್ಟೆ ಇಲ್ಲ, ಕಣ್ಣಿಗೆ ಬಿಳಿ ಪಟ್ಟಿ. ಕಾಮಾಲೆಯಂತೆ. ಹುಟ್ಟಿದ ಮಕ್ಕಳಿಗೆ ಬರುವುದು ಸಾಮಾನ್ಯವಂತೆ, ಆದರೆ ಇವಳದು ಸ್ವಲ್ಪ ಬೇಗ ಏರಿತಂತೆ. ಎಲ್ಲವೂ ಅಂತೆ. ನಾನು ಗಾಜಿನ ಆಚೆ ನಿಂತಿದ್ದೆ. ಎಮ್ಮೆ ಕರು ಹಾಕುವಾಗ ಕಾಲು ಅಡ್ಡವಾದರೆ ಕೈ ಹಾಕಿ ತಿರುಗಿಸಿ ಹೊರಗೆಳೆದವನು ನಾನು. ಇಲ್ಲಿ ಆ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡೆ.

ಹೆಂಡತಿ ಪಕ್ಕಕ್ಕೆ ಬಂದು ನಿಂತಳು. ಅವಳು ದೇವನಹಳ್ಳಿ ಕಡೆಯ ಹಳ್ಳಿಯವಳು, ಅವಳ ಬಾಯಲ್ಲಿ ಹೂವು ಯಾವತ್ತೂ ಊವು.

"ತಂಗಡಿ ಊವು, ತಂಗಡಿ ಊವು ಅಂತ ಒಂಬತ್ತು ತಿಂಗ್ಳೂ ಜಪ ಮಾಡ್ದ್ರಲ್ಲ," ಅಂದಳು. "ನೋಡಿ, ಕೂಸು ಊವಿನ ಬಣ್ಣಕ್ಕೇ ತಿರುಕ್ಕೊಂತು."

ಅಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೂ ಕೈ ಇಡಲು ಜಾಗ ಇರಲಿಲ್ಲ, ನಾಲಿಗೆ ಇತ್ತು, ಅಷ್ಟೆ. ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಆದರೆ ಆ ಮಾತು ಒಳಗೆ ಕೂತಿತು.

ಮಗು ಮನೆಗೆ ಬರುವುದು ಯಾವಾಗ ಎಂದರೆ ಯಾರಿಗೂ ಗೊತ್ತಿಲ್ಲ. ಲೈಟಿನಿಂದ ತೆಗೆಯಬೇಕು, ಹಳದಿ ಇಳಿಯಬೇಕು, ದೊಡ್ಡ ಡಾಕ್ಟರು ಒಪ್ಪಬೇಕು. ಇದರಲ್ಲಿ ಒಂದೂ ನನ್ನ ಕೈಯಲ್ಲಿಲ್ಲ. ನನ್ನ ಕೈಯಲ್ಲಿದ್ದದ್ದು ಹೂವು. ಅದನ್ನಾದರೂ ಹುಡುಕಿ ಇಡೋಣ ಎಂದು ಹೊರಟೆ.

ಕೆರೆ ಏರಿಯ ಮೇಲೆ ನೋಡಿದೆ. ಅಲ್ಲಿ ನಡೆಯುವವರಿಗೆ ಕಲ್ಲು ಹಾಸಿ, ಪಕ್ಕದಲ್ಲಿ ಬಣ್ಣಬಣ್ಣದ ಪೊದೆ ಕತ್ತರಿಸಿ ನಿಲ್ಲಿಸಿದ್ದರು, ತಂಗಡಿ ಇರಲಿಲ್ಲ. ಕೆಂಪಾಪುರದಲ್ಲಿ ಖಾಲಿ ಸೈಟು ಒಂದಿತ್ತು ಎಂದು ನೆನಪು, ಹೋದರೆ ಅದರ ಮೇಲೆ ಪೀಜಿ ಎದ್ದಿತ್ತು, ಒಗೆದ ಬಟ್ಟೆಗಳು ಕಂಬಿಯ ತುಂಬ. ನರ್ಸರಿಯವನನ್ನು ಕೇಳಿದರೆ "ಹಳದಿ ಹೂವು ತಾನೇ ಅಂಕಲ್, ಇದು ತಗೊಳ್ಳಿ, ವರ್ಷಪೂರ್ತಿ ಬಿಡುತ್ತೆ" ಎಂದು ಗಂಟೆಯಂಥ ಹೂವಿನ ಬೇರೆ ಗಿಡ ತೋರಿಸಿದ. ತಂಗಡಿ ಎಂದೆ. "ಅದು ಗಿಡ ಅಲ್ಲ ಅಂಕಲ್, ಕಳೆ. ಅದನ್ನ ಯಾರ್ ಮಾರ್ತಾರೆ?" ಎಂದ. ಹೂವಿನ ಅಂಗಡಿಯಲ್ಲಿ ನಿಂತು "ತಂಗಡಿ ಹೂವು ಇದೆಯೇನಮ್ಮ?" ಎಂದರೆ ಆಕೆ ಮಲ್ಲಿಗೆ ಕಟ್ಟುತ್ತಲೇ "ಎಲ್ಲಾ ಅಂಗಡಿ ಹೂವೇ ಯಜಮಾನ್ರೇ, ಯಾವ್ದು ಬೇಕು?" ಎಂದಳು. ಸೋಲದೇವನಹಳ್ಳಿ ಕಡೆ ಇನ್ನೂ ಬಂಡೆ ಉಳಿದಿದೆ ಎಂದು ಯಾರೋ ಹೇಳಿದರು. ಬಸ್ಸು ಹತ್ತಿ ಹೋದೆ. ಬಂಡೆ ಇತ್ತು, ಸುತ್ತ ಕಾಂಪೌಂಡೂ ಇತ್ತು. ಗೋಡೆಯ ಮೇಲಿಂದ ಒಂದೇ ಒಂದು ತಂಗಡಿ ತಲೆ ಎತ್ತಿ ನೋಡುತ್ತಿತ್ತು. ಹೂವು ಮುಗಿದು, ಚಪ್ಪಟೆ ಕಾಯಿ ಒಣಗಿ, ಗಾಳಿಗೆ ಗರಗರ ಅನ್ನುತ್ತಿತ್ತು. ಅದನ್ನು ನೋಡಿಕೊಂಡು ವಾಪಸ್ಸು ಬಂದೆ.

ಇನ್ನು ಅಳಿಯನ ವಿಚಾರ ಹೇಳಬೇಕು. ಅವರಪ್ಪ ಮಾರವಾಡದ ಮರಳುಸೀಮೆಯಿಂದ ಕೆಲಸಕ್ಕೆಂದು ಯಶವಂತಪುರಕ್ಕೆ ಬಂದು ಇಲ್ಲೇ ನಿಂತವರು. ಹುಡುಗ ಮಾತ್ರ ದೊಡ್ಡವನಾಗುವವರೆಗೆ ಅಲ್ಲೇ ಅಜ್ಜಿಯ ಹತ್ತಿರ ಬೆಳೆದ. ಅವನು ಕನ್ನಡ ಕಲಿತದ್ದು ಅರ್ಧ ನನ್ನ ಮಗಳಿಂದ, ಅರ್ಧ ಆಟೋದವರಿಂದ. ಆದ್ದರಿಂದ ನನ್ನನ್ನು ನೀನು ಎನ್ನುತ್ತಾನೆ. ಮೊದಮೊದಲು ನೆಂಟರೆಲ್ಲ ಬೆಚ್ಚಿ ನನ್ನ ಮುಖ ನೋಡುತ್ತಿದ್ದರು. ಈಗ ಅವನು ಅಪ್ಪಿತಪ್ಪಿ ನೀವು ಎಂದರೆ ಜ್ವರ ಬಂದಿದೆಯೇನೋ ಎಂದು ನನಗೇ ಭಯವಾಗುತ್ತದೆ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನು ಹೆಂಡತಿಗೆ ಹೇಳುತ್ತಿದ್ದೆ. "ಎಲ್ಲಾ ಕಡೆ ನೋಡ್ದೆ ಕಣೆ. ಯಲಹಂಕದಲ್ಲೂ ತಂಗಡಿ ಸಿಗ್ಲಿಲ್ಲ. ಮಗು ಮನೆಗೆ ಬರೋ ದಿನ ತಂಗಡಿ ಇಲ್ದೇ ಹೋದ್ರೆ ಹೆಂಗೆ?"

ಹಿಂದಿನಿಂದ ಅಳಿಯ ಬಗ್ಗಿದ. "ತಂಗಡಿಯಾ ಮಾವ? ಆರ್.ಟಿ. ನಗರದಲ್ಲಿ ಸಿಗುತ್ತೆ. ಬೆಸ್ಟ್ ತಂಗಡಿ."

ನಾನು ಎದ್ದೇ ನಿಂತೆ. "ಆರ್.ಟಿ. ನಗರದಲ್ಲಾ? ಅಲ್ಲೆಲ್ಲಪ್ಪಾ ಬಂಡೆ?"

"ಬಂಡಿ ಅಲ್ಲ ಮಾವ, ದೊಡ್ಡ ಅಂಗಡಿ. ಕ್ಯೂ ಇರುತ್ತೆ."

ಕಾಲ ಕೆಟ್ಟಿದೆ, ತಂಗಡಿಗೂ ಕ್ಯೂ ನಿಲ್ಲುತ್ತಾರೆ ಎಂದುಕೊಂಡೆ. "ಬಾಡಿರಬಾರ್ದು ನೋಡು."

"ಇಲ್ಲ ಮಾವ. ಬಿಸಿ ಬಿಸಿ."

ಇಲ್ಲಿಯಾದರೂ ನನಗೆ ಅನುಮಾನ ಬರಬೇಕಿತ್ತು. ಹಸಿ ಎನ್ನಲು ಹೋಗಿ ಬಿಸಿ ಎಂದಿದ್ದಾನೆ ಎಂದು ನಾನೇ ತಿದ್ದಿಕೊಂಡೆ.

"ಎಷ್ಟು ಬೇಕು ಮಾವ?"

"ಒಂದು ಸಾಕು. ಮಗು ಕೈಗೆ ಮುಟ್ಸೋಕೆ."

ಅವನ ಮುಖ ಒಂದು ಥರ ಆಯಿತು. "ಮಗು ಕೈಗಾ?"

"ಹೂಂ. ನಮ್ಮನೆ ಪದ್ಧತಿ. ತಾತ ಮುಟ್ಸ್ಬೇಕು."

ಅವನು ಅತ್ತೆಯ ಮುಖ ನೋಡಿದ. ಅವಳೂ ಹೌದು ಎಂದು ತಲೆ ಆಡಿಸಿದಳು. ಪಾಪ, ಮಾವನ ಮನೆಯ ಪದ್ಧತಿ, ಎದುರಾಡಬಾರದು ಎಂದುಕೊಂಡ. "ಡಾಕ್ಟರ್‌ನ ಕೇಳ್ಬೇಕೇನೋ ಮಾವ" ಎಂದಷ್ಟೇ ಹೇಳಿ ಸ್ಕೂಟರ್ ತೆಗೆದುಕೊಂಡು ಹೋದ.

ಬಂದಾಗ ಅವನ ಕೈಯಲ್ಲಿ ಬೆಳ್ಳಿ ಬಣ್ಣದ ಚೀಲ ಇತ್ತು, ಅದರಿಂದ ಹಬೆ ಬರುತ್ತಿತ್ತು. ಬಿಚ್ಚಿದರೆ ಕೋಳಿ ಕಾಲು. ಕೆಂಪಗೆ ಸುಟ್ಟು, ಮೇಲೆ ನಿಂಬೆಹಣ್ಣು ಸೀಳಿಟ್ಟು, ಈರುಳ್ಳಿ ಬೇರೆ. ಅವರ ಕಡೆ ಕೋಳಿ ಕಾಲಿಗೆ ತಂಗಡಿ ಎನ್ನುತ್ತಾರಂತೆ. ಊರಿಗೆಲ್ಲ ಗೊತ್ತಂತೆ, ಎಲ್ಲ ಹೋಟೆಲ್ಲಿನ ಬೋರ್ಡಿನಲ್ಲೂ ಇದೆಯಂತೆ. ನನಗೆ ಮಾತ್ರ ಗೊತ್ತಿರಲಿಲ್ಲ.

"ಅಯ್ಯೋ ಸಿವ್ನೇ, ಸ್ವಾಮವಾರ!" ಎಂದಳು ಹೆಂಡತಿ. "ಎಳೆ ಕೂಸಿನ ಕೈಗೆ ಕೋಳಿ ಕಾಲು ಮುಟ್ಸ್ತೀವಿ ಅನ್ಕೊಂಡ್ಯೇನಪ್ಪಾ?"

"ನೀನೂ ತಲೆ ಆಡ್ಸಿದ್ದೆ ಅತ್ತೆ, ಪದ್ಧತಿ ಅಂತ. ನಾನು ದಾರಿ ಪೂರಾ ಯೋಚ್ನೆ ಮಾಡ್ದೆ, ಇದು ಯಾಕೆ ಅಂತ. ಕೋಳಿ ಥರ ಬೇಗ ನಡೀಲಿ ಅಂತ ಇರ್ಬೇಕು ಅಂದ್ಕೊಂಡೆ."

ಮಗು ಗಾಜಿನ ಪೆಟ್ಟಿಗೆಗೆ ಹೋದಾಗಿನಿಂದ ನಾವು ಮೂವರೂ ಸರಿಯಾಗಿ ಉಂಡಿರಲಿಲ್ಲ, ನಕ್ಕಿರಲೂ ಇಲ್ಲ. ಹೆಂಡತಿಗೆ ಮೊದಲು ನಗು ಬಂತು, ಆಮೇಲೆ ಅವನಿಗೆ. ನಾನು ನಗಲು ಹೋದರೆ ನಗುವಿನ ಹಿಂದೆಯೇ ಅಳು ಬಂದುಬಿಟ್ಟಿತು. ಮೆಟ್ಟಿಲ ಮೇಲೆ, ಹೋಗಿ ಬರುವ ಜನದ ನಡುವೆ, ಕೋಳಿ ಕಾಲು ಮಡಿಲಲ್ಲಿ ಇಟ್ಟುಕೊಂಡು ಗೊಳೋ ಎಂದು ಅತ್ತೆ. ಸೆಕ್ಯುರಿಟಿಯವರು ಬಂದು, "ತಾತ, ಇಲ್ಲಿ ಊಟ ಮಾಡೋ ಹಾಗಿಲ್ಲ" ಎಂದರು. ಅವರಿಗೆ ಕಂಡದ್ದು ಅಷ್ಟು.

ಅಳಿಯ ಫೋನಿನಲ್ಲಿ ಹೂವಿನ ಫೋಟೋ ಹುಡುಕಿ ನೋಡಿದ. ಬೆರಳಿಂದ ಎಳೆದು ದೊಡ್ಡದು ಮಾಡಿದ. ಆಮೇಲೆ ಮೆಲ್ಲಗೆ, "ಇದಕ್ಕೆ ನಮ್ಮ ಕಡೆ ಆಂವಲ್ ಅಂತಾರೆ ಮಾವ," ಎಂದ. "ನಮ್ಮ ಅಜ್ಜಿ ಊರಲ್ಲಿ ಮರಳು, ಮರಳಲ್ಲಿ ಬರೀ ಇದೇ. ಬೇರೇನೂ ಬರಲ್ಲ. ಚರ್ಮ ಹದ ಮಾಡೋಕೆ ತೊಗಟೆ ಒಯ್ತಾ ಇದ್ರು." ಆ ಊರು ಎಷ್ಟು ದೂರವೋ, ರೈಲಿನಲ್ಲಿ ಕೂತರೆ ಕೂತೇ ಇರಬೇಕು. ಅಲ್ಲಿಯ ಮರಳಲ್ಲೂ ಇದೇ ಹೂವು ಎಂದರೆ ನನಗೆ ನಂಬಲಾಗಲಿಲ್ಲ. ಎಲೆ ಹೇಗಿತ್ತು, ಕಾಯಿ ಹೇಗಿತ್ತು ಎಂದು ಕೆದಕಿ ಕೇಳಿದೆ. ಎಲ್ಲ ಸರಿಯಾಗಿ ಹೇಳಿದ.

"ಇಲ್ಲೂ ನೋಡಿದೀನಿ ಮಾವ. ಯಲಹಂಕ ಆದ್ಮೇಲೆ ರೈಲ್ ಪಕ್ಕ. ಕಿಟಕಿಯಿಂದ."

ಮಾರನೆಯ ಬೆಳಗ್ಗೆ ಅವನ ಸ್ಕೂಟರ್ ಹಿಂದೆ ಕೂತು ಹೋದೆ. ಹಳಿಯ ಬೇಲಿಯ ಹೊರಗೆ, ಜಲ್ಲಿ ಸುರಿದು ಬಿಟ್ಟಿದ್ದ ಒಣ ದಿಬ್ಬದ ಮೇಲೆ ತಂಗಡಿ ಗಿಡಗಳು ಸಾಲಾಗಿ ನಿಂತಿದ್ದವು. ನನ್ನ ಹೆಂಡತಿಯನ್ನು ನೋಡಲು ಮೊದಲ ಸಲ ಅವಳ ಊರಿಗೆ ಹೋದಾಗ ಹೀಗೆ ಎದೆ ಹೊಡೆದುಕೊಂಡಿತ್ತು. ಗಿಡಗಳ ಮೈತುಂಬ ಹೂವು. ಬಂಡೆ ಹೋದರೂ ಬಂಡೆಯ ಜಲ್ಲಿ ಸಿಕ್ಕಿದ್ದೇ ಸಾಕು ಎಂದು ಅಲ್ಲಿಗೆ ಬಂದು ಸೇರಿಕೊಂಡಿದ್ದವು. ದಿಬ್ಬ ಹತ್ತಲು ನನ್ನ ಮಂಡಿ ಬಿಡಲಿಲ್ಲ. ಅಳಿಯ ಆಫೀಸಿನ ಪ್ಯಾಂಟಿನಲ್ಲೇ ಹತ್ತಿದ. ನಾನು ಕೆಳಗೆ ನಿಂತು "ಎಡಕ್ಕೆ, ಆ ಗೊಂಚಲು, ಅದಲ್ಲ, ಮೊಗ್ಗು ಇರೋದು" ಎಂದು ಕೂಗಿದೆ. ಅಷ್ಟರಲ್ಲಿ ರೈಲು ಬಂತು, ಏನೂ ಕೇಳಿಸಲಿಲ್ಲ. ಅವನು ಹಲ್ಲು ಬಿಟ್ಟುಕೊಂಡು ಗೊಂಚಲು ಎತ್ತಿ ತೋರಿಸಿದ.

ಅದನ್ನು ಅಂಗಿಯ ಜೇಬಿನಲ್ಲಿ ನಿಲ್ಲಿಸಿಕೊಂಡು ಆಸ್ಪತ್ರೆಗೆ ಹೋದೆ. ಇವತ್ತೇ ಬಿಡುತ್ತಾರೇನೋ ಎಂಬ ಆಸೆ. ಮಕ್ಕಳ ಕೋಣೆಯ ಬಾಗಿಲಲ್ಲಿ ಸಿಸ್ಟರ್ ಜೇಬು ನೋಡಿದರು.

"ತಾತ, ಹೂ ಗೀ ಒಳಗೆ ಆಗಲ್ಲ. ಇನ್‌ಫೆಕ್ಷನ್ ಆಗುತ್ತೆ."

"ಒಳಗೆ ತರಲ್ಲ ತಾಯಿ. ಮಗು ಮನೆಗೆ ಹೋಗೋವಾಗ ಬೇಕು. ಇವತ್ತು ಬಿಡ್ತೀರಾ?"

"ಇವತ್ತಾ? ಇಲ್ಲ ತಾತ. ಇನ್ನೂ ಜಾಸ್ತಿ ಇದೆ."

ಹೊರಗಿನ ಕುರ್ಚಿಯಲ್ಲಿ ಕೂತೆ. ಮಧ್ಯಾಹ್ನಕ್ಕೆ ಹೂವು ತಲೆ ಬಗ್ಗಿಸಿತು. ಹಾಗೆಂದು ಬಿಸಾಡಲು ಮನಸ್ಸಾಗಲಿಲ್ಲ, ಒಳಗೆ ತಳ್ಳಿದೆ. ಮಾರನೆಯ ದಿನ ಮತ್ತೆ ಹೋಗಿ ಮತ್ತೆ ತಂದೆವು. ಯಾವ ದಿನ ಬಿಡುತ್ತಾರೋ ಗೊತ್ತಿಲ್ಲದ ಮೇಲೆ ದಿನಾ ತಾಜಾ ಹೂವು ಇರಲೇಬೇಕಲ್ಲ. ಅಳಿಯ ಒಂದು ದಿನವೂ ಬೇಸರಿಸಲಿಲ್ಲ. ಸ್ಕೂಟರ್ ಮೇಲೆ ಹೋಗುವಾಗ ಅವನಿಗೆ ಕನ್ನಡ ತಿದ್ದುತ್ತಿದ್ದೆ. "ಮಗು ಮಲಗಿದಾನೆ ಅಲ್ಲ, ಮಲಗಿದಾಳೆ." "ಮಲಗಿದಾಳೆ ಮಾವ." ಒಂದು ಕಿಲೋಮೀಟರಿಗೆ ಮತ್ತೆ ಮಲಗಿದಾನೆ.

ಮಗಳು ಹಾಲು ಹಿಂಡಿ ಕೊಡುತ್ತಿದ್ದಳು, ಹೆಂಡತಿ ಅದನ್ನು ಒಳಗೆ ಒಯ್ಯುತ್ತಿದ್ದಳು, ಅಳಿಯ ಔಷಧಿ ಅಂಗಡಿಗೆ ಓಡುತ್ತಿದ್ದ. ನಾನು ಗಾಜಿನ ಮುಂದೆ ನಿಲ್ಲುತ್ತಿದ್ದೆ. ನೀಲಿ ಬೆಳಕಿನಲ್ಲಿ ಅವಳು ಹಳದಿಯೋ ಬಿಳಿಯೋ ಕಪ್ಪೋ ಏನೂ ತಿಳಿಯುತ್ತಿರಲಿಲ್ಲ. ಕಾಲಿನ ಹೆಬ್ಬೆರಳು ಆಡಿಸುತ್ತಿದ್ದಳು. ಆ ಹೆಬ್ಬೆರಳು ನಮ್ಮಪ್ಪನದು, ಪಕ್ಕದ ಬೆರಳಿಗಿಂತ ಗಿಡ್ಡ. ನನಗೆ ಅಷ್ಟು ಸಂತೋಷ, ಅಷ್ಟು ಸಂತೋಷ, ಅದನ್ನು ಇಟ್ಟುಕೊಳ್ಳಲೂ ಆಗದೆ ಕೊಡಲೂ ಆಗದೆ ಒದ್ದಾಡುತ್ತಿದ್ದೆ. ಪಕ್ಕದಲ್ಲಿ ನಿಂತವರನ್ನು ಹಿಡಿದು "ನೋಡಿ, ಆ ಬೆರಳು ನೋಡಿ" ಎನ್ನುತ್ತಿದ್ದೆ. ಅವರ ಮಗುವೂ ಒಳಗೇ ಇರುತ್ತಿತ್ತು, ಅವರಿಗೆ ನಮ್ಮ ಕೂಸಿನ ಬೆರಳು ಯಾಕೆ ಬೇಕು?

ಒಂದು ದಿನ ಡಾಕ್ಟರಮ್ಮ ಹೊರಗೆ ಬಂದು ಅಳಿಯನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದರು. ಟೀವಿಯ ಸೌಂಡು ತೆಗೆದ ಹಾಗೆ ನಾನು ಇಬ್ಬರ ಮುಖವನ್ನೂ ನೋಡುತ್ತಿದ್ದೆ. ಅಳಿಯನ ಕಿವಿ ಕೆಂಪಾದವು. ಆಕೆ ಹೋದ ಮೇಲೆ ಕೇಳಿದರೆ ಅವನಿಗೆ ಕನ್ನಡವೇ ಬರಲಿಲ್ಲ. ಆಮೇಲೆ ಹೇಳಿದ.

"ಲೈಟ್‌ಗೆ ಬಗ್ತಾ ಇಲ್ಲ ಮಾವ. ಸಂಜೆಗೆ ಮತ್ತೆ ಟೆಸ್ಟ್. ಆಗ್ಲೂ ಕಮ್ಮಿ ಇಲ್ಲ ಅಂದ್ರೆ ರಕ್ತ ಬದ್ಲಿ ಮಾಡ್ಬೇಕು."

"ಯಾರ್ದು?"

"ಮಗುದು."

ಅಂಗೈ ಅಗಲದ ಕೂಸು. ಅದರೊಳಗೆ ಎಷ್ಟು ರಕ್ತ ಇರುತ್ತದೆ, ಅದನ್ನು ತೆಗೆದು ಬೇರೆ ಹಾಕುವುದು ಎಂದರೇನು. "ನಂದು ತಗೊಳ್ಳಕ್ಕೆ ಹೇಳಪ್ಪಾ" ಎಂದೆ. ಅಂಗಿಯ ತೋಳು ಮಡಚಿಯೇಬಿಟ್ಟಿದ್ದೆ.

"ನಿಂದು ಆಗಲ್ಲ ಮಾವ. ವಯಸ್ಸಾಯ್ತು." ಅವನೇ ನನ್ನ ತೋಳನ್ನು ಇಳಿಸಿ ಗುಂಡಿ ಹಾಕಿದ.

ಬೆಳಗ್ಗೆ ತಂದ ಹೂವು ಜೇಬಿನಲ್ಲೇ ಇತ್ತು. ಅದನ್ನು ನೋಡಿದರೆ ಅಸಹ್ಯವಾಯಿತು, ನಿಜ ಹೇಳುತ್ತೇನೆ. ಹಳದಿ ಬಿಡಲಿ ಎಂದು ಎಲ್ಲರೂ ಬೇಡಿಕೊಳ್ಳುತ್ತಿರುವ ಮಗುವಿನ ಬಾಗಿಲಿಗೆ ದಿನಾ ಬೆಳಗ್ಗೆ ನಾನು ಹಳದಿಯನ್ನೇ ಹೊತ್ತು ತರುತ್ತಿದ್ದೆನಲ್ಲ. ಹೆಂಡತಿಯ ಹತ್ತಿರ ಹೋಗಿ, "ನಾಳೆಯಿಂದ ಹೂವು ಬೇಡ ಬಿಡೇ" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕೆ?"

"ನೀನೇ ಅಂದೆಯಲ್ಲ. ಹೂವಿನ ಬಣ್ಣಕ್ಕೇ ತಿರುಕ್ಕೊಂತು ಅಂತ."

"ನಾನು ಅಂದ್ನಂತೆ, ಇವ್ರು ಕೇಳಿದ್ರಂತೆ. ಇಷ್ಟು ವರ್ಸ ನಾನೇಳಿದ್ದು ಒಂದಾದ್ರೂ ಕೇಳಿದ್ರಾ? ಇದನ್ನ ಮಾತ್ರ ಇಡ್ಕೊಂಡ್ರಾ?" ಎಂದು ಗದರಿದಳು. ಆಮೇಲೆ ದನಿ ತಗ್ಗಿಸಿ, "ಆ ಅಳದೀನೇ ಬ್ಯಾರೆ, ಈ ಅಳದೀನೇ ಬ್ಯಾರೆ. ಸುಮ್ನೆ ಓಗಿ ತನ್ನಿ. ನಿಮಗೂ ಒಂದು ಕೆಲ್ಸ ಇರ್ಲಿ" ಎಂದಳು.

ಆ ಸಂಜೆ ನಾನು ದೇವರಿಗೂ ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳಲು ಏನೋ ಒಂದು ಕೊಡಬೇಕಲ್ಲ, ಕೊಡುವಂಥದ್ದು ನನ್ನಲ್ಲಿ ಏನಿತ್ತು. ಕುರ್ಚಿಯಲ್ಲಿ ಕೂತು ಬಾಗಿಲು ನೋಡಿದೆ. ಬಾಗಿಲು ತೆರೆದಾಗೆಲ್ಲ ಎದ್ದು ನಿಂತೆ, ಯಾರೋ ಬೇರೆಯವರಿಗೆ ಎಂದರೆ ಮತ್ತೆ ಕೂತೆ. ಕೊನೆಗೆ ಡಾಕ್ಟರಮ್ಮನೇ ಬಂದರು. ಈ ಸಲ ನೇರ ನನ್ನ ಕಡೆಗೇ ಬಂದು, ಕನ್ನಡದಲ್ಲೇ, "ತಾತ, ಸ್ವಲ್ಪ ಇಳಿದಿದೆ. ರಕ್ತದ ವಿಚಾರ ಸದ್ಯಕ್ಕೆ ಬೇಡ" ಎಂದರು. ಇವರಿಗೆ ಕನ್ನಡ ಬರುತ್ತಿತ್ತೇ! ನಾನು ಅವರ ಕೈ ಹಿಡಿದುಕೊಂಡೆ. ಬಿಡಬೇಕು ಎಂದು ಗೊತ್ತಿತ್ತು, ಕೈ ಬಿಡಲಿಲ್ಲ. ಅಳಿಯ ಬಂದು ಬಿಡಿಸಿದ.

ಅಲ್ಲಿಂದ ಹಳದಿ ಇಳಿಯಿತು. ಕಾಲಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಮುಖಕ್ಕೆ, ಹಿಂದಕ್ಕೆ ನಡೆದು ಹೋಯಿತು. ಒಂದು ಸಂಜೆ ಸಿಸ್ಟರೇ ಬಂದು, "ತಾತ, ನಾಳೆ ನಿಮ್ಮ ಹೂ ತನ್ನಿ" ಎಂದರು.

ಬೆಳಗ್ಗೆ ಹೊಸ ಅಂಗಿ ಹಾಕಲು ಹೋದೆ, ಹೆಂಡತಿ ಬಿಡಲಿಲ್ಲ. ಮಗು ಬರುವಾಗ ಹೊಸ ಬಟ್ಟೆ ಚುಚ್ಚುತ್ತದಂತೆ, ಒಗೆದು ಒಗೆದು ಮೆತ್ತಗಾದದ್ದೇ ಇರಲಿ ಎಂದಳು. ದಿನಾ ಹಾಕುತ್ತಿದ್ದ ಅಂಗಿಯನ್ನೇ ಹಾಕಿಕೊಂಡು ಅಳಿಯನ ಜೊತೆ ಹಳಿಯ ಕಡೆ ಹೋದೆ.

ದಿಬ್ಬ ಬೋಳಾಗಿತ್ತು. ಹಳಿ ಪಕ್ಕದ ಗಿಡಗಂಟಿಯನ್ನೆಲ್ಲ ಬುಡಕ್ಕೆ ಕೊಯ್ದು, ಗುಡ್ಡೆ ಹಾಕಿ, ಸುಟ್ಟಿದ್ದರು. ವರ್ಷಕ್ಕೊಮ್ಮೆ ಸವರುತ್ತಾರಂತೆ, ಅದು ಅವರ ಕೆಲಸ, ಮಾಡಿದ್ದಾರೆ. ಬೂದಿಯ ಅಂಚಿನಲ್ಲಿ ಅರೆ ಸುಟ್ಟ ಕಾಯಿಗಳಿದ್ದವು. ಅಳಿಯ ದಿಬ್ಬದ ಈ ತುದಿಯಿಂದ ಆ ತುದಿಯವರೆಗೆ ಓಡಿದ, ಆಚೆ ಇಳಿದು ನೋಡಿದ, ಬೂಟಿನ ತುಂಬ ಬೂದಿ ಮಾಡಿಕೊಂಡು ಬಂದ. "ಸೋಲದೇವನಹಳ್ಳಿ ಹೋಗೋಣ ಮಾವ? ಗೋಡೆ ಹತ್ತಾನೆ." "ಹತ್ತೀನಿ" ಎಂದು ತಿದ್ದುವಷ್ಟೂ ನನಗೆ ಉಸಿರಿರಲಿಲ್ಲ. ಆ ಗಿಡದಲ್ಲಿ ಬರೀ ಕಾಯಿ. ಹೊತ್ತೂ ಇರಲಿಲ್ಲ, ಆಸ್ಪತ್ರೆಯಿಂದ ಮಗಳು ಫೋನಿನ ಮೇಲೆ ಫೋನು ಮಾಡುತ್ತಿದ್ದಳು.

ಆಸ್ಪತ್ರೆಗೆ ಹೋಗಿ, ತಾಯಿ ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ಬಂದೆವು. ಹೆಂಡತಿ ಮುಂಚೆಯೇ ಬಂದು ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು, ಆರತಿ ತಟ್ಟೆ ಹಿಡಿದು ನಿಂತಿದ್ದಳು. ಮೇಲಿನ ಮನೆಯ ಬಾಡಿಗೆಯವರೂ ಇಳಿದು ಬಂದಿದ್ದರು. ಮಗಳು ಮಗುವನ್ನು ತಂದು ನನ್ನ ತೋಳಿಗೆ ಇಟ್ಟಳು. ಅದುವರೆಗೂ ನಾನು ಅವಳನ್ನು ಮುಟ್ಟಿರಲಿಲ್ಲ. ಗಾಜಿನಾಚೆ ಇಷ್ಟು ದಿನ ನೋಡಿದ್ದು ಬೇರೆ, ಇದು ಬೇರೆ. ಬಿಸಿ ಇತ್ತು. ಭಾರವೇ ಇರಲಿಲ್ಲ.

"ಊವು ಎಲ್ಲಿ?" ಎಂದಳು ಹೆಂಡತಿ.

ಅಳಿಯ, "ಕಟ್ ಮಾಡ್ಬಿಟ್ರು ಅತ್ತೆ. ಎಲ್ಲಾ ಸುಟ್ಟಿದಾರೆ" ಎಂದ. ಮಗಳು, "ಹೋಗ್ಲಿ ಬಿಡಪ್ಪಾ, ಒಳಗೆ ಬಾ, ಬಿಸಿಲು" ಎಂದಳು. ಬಿಡು ಎನ್ನುವುದು ಸುಲಭ. ನನ್ನ ಕಾಲು ಹೊಸ್ತಿಲ ಹತ್ತಿರ ಹೋಗಿ ನಿಂತುಬಿಟ್ಟಿತು. ಒಳಗೆ ಹೋಗಲಾರೆ, ಹಿಂದಕ್ಕೆ ಹೋಗಲಾರೆ, ಎರಡೂ ಕೈಯಲ್ಲಿ ಕೂಸು, ಕಣ್ಣು ಒರೆಸಿಕೊಳ್ಳಲೂ ಆಗುತ್ತಿಲ್ಲ.

ಬಿಸಿಲು ಮುಖಕ್ಕೆ ಬಿದ್ದು ಮಗು ಮುಲುಗಿತು. ನಾನು ಅದನ್ನು ಎದೆಗೆ ಒತ್ತಿಕೊಂಡೆ. ಅದರ ಕೈ ಬಟ್ಟೆಯಿಂದ ಈಚೆ ಬಂದು, ತಡವರಿಸಿ, ನನ್ನ ಅಂಗಿಯ ಜೇಬಿನೊಳಗೆ ಸಿಕ್ಕಿಕೊಂಡಿತು. ಎಳೆ ಮಕ್ಕಳ ಮುಷ್ಟಿ, ಸಿಕ್ಕಿದ್ದನ್ನು ಬಿಡುವುದಿಲ್ಲ. ಜೇಬು ಎಳೆದುಕೊಂಡಿತು.

"ನಿಲ್ಲಿ ನಿಲ್ಲಿ," ಎಂದಳು ಹೆಂಡತಿ. ತಟ್ಟೆಯನ್ನು ಅಳಿಯನ ಕೈಗೆ ಕೊಟ್ಟು ಹತ್ತಿರ ಬಗ್ಗಿದಳು. "ಇದೇನ್ರೀ, ಜೇಬಲ್ಲಿ?"

ದಿನಾ ಬಾಡಿದ್ದನ್ನು ಒಳಗೆ ತಳ್ಳಿದ್ದು ನನಗೆ ಮರೆತೇ ಹೋಗಿತ್ತು. ಅಂಗಿಯನ್ನು ನಡುವೆ ಒಗೆಯಲು ಹಾಕಿದಾಗ ಮಾತ್ರ ತೆಗೆದು ಕಿಟಕಿಯ ಮೇಲಿಟ್ಟು, ಮತ್ತೆ ಹಾಕುವಾಗ ಯಾಕೋ ವಾಪಸ್ಸು ತುಂಬಿಕೊಂಡಿದ್ದೆ. ಎಲ್ಲ ಒಣಗಿ ಪುಡಿಯಾಗಿತ್ತು. ಆದರೆ ತಂಗಡಿ ಒಣಗಿದರೂ ಬಣ್ಣ ಬಿಡುವುದಿಲ್ಲ. ಜೇಬಿನ ತಳದಲ್ಲಿ ಹಳದಿ ಹಾಗೇ ಇತ್ತು.

"ಬಾಡಿದ ಹೂವು ಕಣೆ," ಎಂದೆ. "ಬಾಡಿದ್ದು ಮುಟ್ಟಿಸ್ತಾರಾ?"

"ನೀವೆಲ್ಲಿ ಮುಟ್ಟಿಸಿದ್ರಿ? ಅವಳೇ ಮುಟ್ಟಿದ್ಲು."

ಅವಳು ಮಗುವಿನ ಬೆರಳುಗಳನ್ನು ಒಂದೊಂದಾಗಿ ಜೇಬಿನಿಂದ ಬಿಡಿಸಿದಳು. ಬೆವೆತ ಅಂಗೈಗೆ ಒಂದು ಎಸಳು ಅಂಟಿತ್ತು. ಮಗು ಮತ್ತೆ ಮುಷ್ಟಿ ಮುಚ್ಚಿತು.

ಅಳಿಯ ತಟ್ಟೆ ಹಿಡಿದುಕೊಂಡೇ ಬಗ್ಗಿ ನೋಡಿದ. "ತಂಗಡಿ ಹಿಡ್ಕೊಂಡಿದಾನೆ ಮಾವ."

"ಹಿಡ್ಕೊಂಡಿದಾಳೆ" ಎಂದೆ. ಎಂದು, ಬಲಗಾಲಿಟ್ಟು ಒಳಗೆ ಬಂದೆ.